ಮುಂದಿದ್ದವರು ನಿಂತರೆ

೮ ನವೆಂಬರ್ ೧೯೫೪, ಸೋಮವಾರ. ಸೊಲ್ಲಾಪುರ

ಬಂದು ಮುಟ್ಟಿದೆವು. ಹನ್ನೂರಿನಿಂದ ಅಕ್ಕಲಕೋಟೆಯ ತನಕ ಸವಾರಿ ಗಾಡಿ, ಅಲ್ಲಿಂದ ಮೋಟಾರು, ಸ್ಟ್ಯಾಂಡಿನಿಂದ ಟಾಂಗಾ. ನಾನು ಹತ್ತುವಾಗ ಟಾಂಗಾದ ಕುದುರೆ ಕತ್ತು ಹೊರಳಿಸಿ ಒಮ್ಮೆ ನನ್ನನ್ನು ನೋಡಿತು. ಪಾಪ, ಅದಕ್ಕೂ ಹೊಟ್ಟೆಪಾಡು.

ಹಣಮವ್ವ ಎಂಬುವಳು ತನ್ನ ಮನೆಯ ಮುಂದಿನ ಖೋಲಿ ನಮಗೆ ಕೊಟ್ಟಿದ್ದಾಳೆ. ವಾಗದರಿಯ ಕುರುಬರ ಹೆಣ್ಣು. ಗಂಡ ಹೆಂಡತಿ ಇಬ್ಬರೂ ಇಲ್ಲಿ ಮಿಲ್ಲಿಗೆ ಹೋಗುತ್ತಾರೆ. ಅವಳು ಕುಡಿಯಲು ನೀರು ತಂದಳು, ನಾನು ನಮ್ಮ ತಂಬಿಗೆಯ ನೀರನ್ನೇ ಕುಡಿದೆ. ಅವರು ಮಾಂಸ ತಿನ್ನುವ ಜನ. ಅವಳು ಬೇಸರ ಮಾಡಿಕೊಂಡಂತೆ ಕಾಣಲಿಲ್ಲ.

ಮದುವೆಯಾದ ಮೇಲೆ ನಾನು ಏನೂ ಬರೆದಿಲ್ಲ. ನಮ್ಮಪ್ಪ ದುಧನಿಯಲ್ಲಿ ಕನ್ನಡ ಸಾಲಿ ಮಾಸ್ತರರು. ಕೂಡಿಸಿಕೊಂಡು ಕಲಿಸಿದ್ದರು. ಪಾಟೀಲರ ಸೊಸೆಗೆ ಬರೆಯುವಂಥ ಕೆಲಸ ಏನು ಬೀಳುತ್ತದೆ? ಈಗಲೂ ಬಿದ್ದಿಲ್ಲ. ಕೈ ಖಾಲಿ ಇದೆ, ಬರೆಯುತ್ತಿದ್ದೇನೆ.

ಇಲ್ಲಿಗೆ ಬಂದ ಕಾರಣವನ್ನೂ ಬರೆದುಬಿಡುತ್ತೇನೆ. ಮುಟ್ಟು ನಿಂತಿತು, ಹೊಟ್ಟೆ ಬಂತು. ಮದುವೆಯಾಗಿ ಇಪ್ಪತ್ತು ವರ್ಷ ಮಕ್ಕಳಿಲ್ಲದವಳಿಗೆ ಹೊಟ್ಟೆ ಬಂದರೆ ಯಾರಾದರೂ ಏನೆಂದು ತಿಳಿಯುತ್ತಾರೆ? ಅತ್ತೆಯವರು ಬಸಿರು ಎಂದರು. ಸೂಲಗಿತ್ತಿ ಬಸಿರು ಎಂದಳು. ನಾನೂ ಬಸಿರಾದೆ. ಕುಬಸ ಮಾಡಿದರು. ಹಸಿರು ಸೀರೆ, ಹಸಿರು ಬಳೆ, ಐದು ಮಂದಿ ಮುತ್ತೈದೆಯರಿಂದ ಉಡಿ. ಊರಿಗೆ ಊರೇ ಉಂಡು ಹೋಯಿತು. ಒಂಬತ್ತು ತುಂಬಿತು, ಹತ್ತಾಯಿತು, ಹನ್ನೊಂದಾಯಿತು. ಕೂಸು ಬರಲಿಲ್ಲ. ಅಕ್ಕಲಕೋಟೆಯ ಡಾಕ್ಟರು ಕೈಯಿಟ್ಟು ನೋಡಿ, ಇದು ಬಸಿರಲ್ಲ, ಗಡ್ಡೆ ಎಂದರು. ಉಂಡುಹೋದವರು ಮತ್ತೆ ಬಂದು ನೋಡಿ ಹೋದರು.

ನನ್ನ ಮೈಯೇ ಅಷ್ಟು. "ಪಾಟೀಲರ ಮನಿ ಹೈನ ಪಾಟೀಲತಿ ಮೈಮ್ಯಾಲ ಕಾಣ್ತದ" ಎಂದು ಊರಲ್ಲಿ ಹಾಡಿ ಹೊಗಳುತ್ತಿದ್ದರು. ಅಷ್ಟು ಮೈಯೊಳಗೆ ಕೂಸು ಯಾವುದು, ಗಡ್ಡೆ ಯಾವುದು ಎಂದು ಯಾರಿಗೆ ಗೊತ್ತಾಗಬೇಕು.

ಕುಬಸದ ಬಳೆ ಇನ್ನೂ ಕೈಯಲ್ಲಿವೆ. ತೆಗೆಯಲು ಬರುವುದಿಲ್ಲ. ಮಾಂಸದಲ್ಲಿ ಹೂತುಕೊಂಡಿವೆ.

೧೦ ನವೆಂಬರ್, ಬುಧವಾರ

ಆಸ್ಪತ್ರೆಗೆ ಹೋಗಿದ್ದೆವು. ಡಾಕ್ಟರಬಾಯಿ ಪುಣೆಯ ಕಡೆಯವರು, ಸಣ್ಣ ಆಳು, ದೊಡ್ಡ ದನಿ. ಮರಾಠಿಯಲ್ಲಿ ಕೇಳುತ್ತಾರೆ. ದ್ರೌಪದಿ ಎಂಬ ನರ್ಸು ಕನ್ನಡಕ್ಕೆ ತಿರುಗಿಸುತ್ತಾಳೆ. ನನಗೆ ಮರಾಠಿ ಚೆನ್ನಾಗಿ ಬರುತ್ತದೆ. ಆದರೆ ನಮ್ಮ ಮನೆಯವರು ಎದುರಿಗಿದ್ದಾಗ ನಾನು ಯಾವ ಭಾಷೆಯಲ್ಲೂ ಮಾತನಾಡುವುದಿಲ್ಲ.

ದ್ರೌಪದಿ ಗಂಡನ ಹೆಸರು ಕೇಳಿದಳು. ನಾನು ನೆಲ ನೋಡಿದೆ. ಜೊತೆಗೆ ಬಂದಿದ್ದ ಹಣಮವ್ವ "ಶಿವಶರಣಪ್ಪ ಪಾಟೀಲ ಅಂತ ಬರ್ಕೋರಿ, ಆಕಿ ಹೇಳಂಗಿಲ್ಲ" ಎಂದಳು.

ತೂಕದ ಕಾಟಾದ ಮೇಲೆ ನಿಲ್ಲಿಸಿದರು. ಮುಳ್ಳು ಓಡಿತು. ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. ಡಾಕ್ಟರಬಾಯಿ ಹೊಟ್ಟೆ ಒತ್ತಿ ನೋಡಿ ಹೇಳಿದ್ದು ಇಷ್ಟು: ಗಡ್ಡೆ ತೆಗೆಯಲೇಬೇಕು. ಒಳಗೆ ತಿರುಚಿಕೊಂಡರೆ, ಇಲ್ಲವೇ ಒಡೆದರೆ, ಆಮೇಲೆ ಯಾರ ಕೈಯಲ್ಲೂ ಏನೂ ಆಗುವುದಿಲ್ಲ. ಆದರೆ ತೆಗೆಯಬೇಕಾದರೆ ಈಥರ್ ಕೊಟ್ಟು ಮಲಗಿಸಬೇಕು. ಅದನ್ನು ಎದೆ ತಡೆಯಬೇಕು.

"ಇಷ್ಟ ಮೈ ಅದ, ತಡೀತದೇನ್ರಿ?" ಎಂದು ಅವರು ಕೇಳಿದರು.

ಕಾಟಾ ಎದೆಯ ಸುದ್ದಿ ಹೇಳುವುದಿಲ್ಲ ಎಂದರು ಡಾಕ್ಟರಬಾಯಿ. ಬೇರೆ ಡಾಕ್ಟರರು ದಪ್ಪ ಹೆಂಗಸು ಎಂದ ಕೂಡಲೇ ಕೈಯಾಡಿಸಿ ಕಳಿಸುತ್ತಾರಂತೆ. ಇವರು ಹಾಗೆ ಮಾಡುವುದಿಲ್ಲವಂತೆ. ಇಂಥ ಮೈಯ ಹೆಂಗಸರನ್ನೆಲ್ಲ ವರಾಂಡದಲ್ಲಿ ನಡೆಸಿ, ನಡೆಯುವ ಮೊದಲು ಒಮ್ಮೆ, ನಡೆದ ಮೇಲೆ ಒಮ್ಮೆ ನಾಡಿ ಹಿಡಿದು ನೋಡಿ, ಯಾರ ಎದೆಗೆ ಎಷ್ಟು ಕಸುವಿದೆ ಎಂದು ಬರೆದಿಡುತ್ತಾ ಬಂದಿದ್ದಾರಂತೆ. ಈ ಕಂಬದಿಂದ ಆ ಕಂಬಕ್ಕೆ, ಮತ್ತೆ ಈ ಕಂಬಕ್ಕೆ. ಹತ್ತು ನಿಮಿಷ. ಕಾಲು ಎಷ್ಟು ಜೋರು ಒಯ್ಯುತ್ತದೋ ಅಷ್ಟು. ದಮ್ಮು ಹತ್ತಿದರೆ ನಿಲ್ಲಬಹುದು. ಒಂದು ಸುತ್ತಿಗೆ ಒಂದು ಹುಣಸೆ ಬೀಜದಂತೆ ದ್ರೌಪದಿ ಬಟ್ಟಲಿಗೆ ಹಾಕುತ್ತಾಳೆ. ಹನ್ನೆರಡು ಬಿದ್ದರೆ ಆಪರೇಶನ್.

ಅವರು ಕೆಮ್ಮಿದರು. "ನಮ್ಮ ಮನಿ ಹೆಣ್ಮಕ್ಕಳು ಹೀಂಗ ಮಂದಿ ಮುಂದ ಒಬ್ಬರ ತಿರುಗಂಗಿಲ್ರಿ. ನಾ ಮುಂದ ನಡೀತೀನಿ. ಆಕಿ ಬೆನ್ನಹಿಂದ ಬರ್ತಾಳ."

ಆಗಲಿ, ಆಕೆಗೂ ಧೈರ್ಯ ಎಂದರು ಡಾಕ್ಟರಬಾಯಿ.

ಸೆರಗನ್ನು ಮೂಗಿನ ತನಕ ಎಳೆದುಕೊಂಡೆ. ಅವರ ಹಿಮ್ಮಡಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಎಡಗಾಲಿನದು ಒಡೆದಿದೆ, ಬೆಣ್ಣೆ ಹಚ್ಚಬೇಕು. ಆ ತುದಿಯ ಕಂಬಕ್ಕೆ ಹೋದಾಗ ಅವರು ರುಮಾಲು ಬಿಚ್ಚಿ ಸುತ್ತಿಕೊಂಡರು. ಅವರು ನಿಂತರು, ನಾನೂ ನಿಂತೆ. ಆಮೇಲೆ ಇನ್ನೊಮ್ಮೆ. ಬಟ್ಟಲಲ್ಲಿ ಆರು ಬೀಜ.

"ದಮ್ ಲಾಗಲಾ ಕಾ?" ಎಂದು ಡಾಕ್ಟರಬಾಯಿ ಕೇಳಿದರು. ದ್ರೌಪದಿ "ದಮ್ಮ ಹತ್ತೇದೇನ್ರಿ ಅಕ್ಕಾರ?" ಎಂದಳು.

"ಆಕಿ ದಣದಾಳ್ರಿ" ಎಂದರು ಅವರು.

ದಣಿದಿದ್ದಾಳೆ ಎಂದು ಅವರು ಹೇಳಿದ ಮೇಲೆ ದಣಿದಿರಬೇಕು. ಡಾಕ್ಟರಬಾಯಿ ನನ್ನ ಬಳೆ ಸರಿಸಲು ನೋಡಿದರು, ಸರಿಯಲಿಲ್ಲ. ಬಳೆಯ ಕೆಳಗೆ ಬೆರಳು ತೂರಿಸಿ ನಾಡಿ ಹಿಡಿದರು. ಹುಬ್ಬು ಗಂಟಿಕ್ಕಿದರು. ದಿನಾ ಬೆಳಿಗ್ಗೆ ನಡೆಯಿರಿ, ತುಪ್ಪ ಬಿಡಿ, ಎರಡು ವಾರ ಬಿಟ್ಟು ಬನ್ನಿ ಎಂದರು.

೧೧ ನವೆಂಬರ್, ಗುರುವಾರ

ಏನೂ ಇಲ್ಲ. ಮಿಲ್ಲಿನ ಭೋಂಗಾ ಕೂಗಿತು. ಮತ್ತೆ ಕೂಗಿತು.

೧೬ ನವೆಂಬರ್, ಮಂಗಳವಾರ

ಬೆಳಿಗ್ಗೆ ಸಿದ್ಧೇಶ್ವರನ ಕೆರೆಯ ತನಕ ನಡೆಯುತ್ತೇವೆ. ಅವರು ಮುಂದೆ, ನಾನು ಹಿಂದೆ. ಹನ್ನೂರಿನಲ್ಲಿ ನಾನು ಹಿತ್ತಲ ಬಾವಿಯಿಂದಾಚೆ ನಡೆದ ನೆನಪಿಲ್ಲ. ಎಲ್ಲಿಗೆ ಹೋದರೂ ಗಾಡಿ, ಗಾಡಿಗೆ ಪರದೆ. ನಡೆದು ಹೋಗುವವರು ಕೂಲಿಯವರು. ನನ್ನ ಕಾಲಿಗೂ ಅದೇ ತಿಳಿದಿತ್ತು. ಮೊದಲ ಎರಡು ದಿನ ಮೀನಖಂಡ ಹಿಡಿದುಕೊಂಡವು. ಈಗ ಇಲ್ಲ.

ದಾರಿಯಲ್ಲಿ ಅವರಿಗೆ ನೋಡುವುದು ಬಹಳ. ಬೇವಿನ ಮರದ ಬುಡದಲ್ಲಿ ನಿಲ್ಲುತ್ತಾರೆ, ಟಾಂಗಾದವನ ಜೊತೆ ಕುದುರೆಯ ವಯಸ್ಸಿನ ಮಾತು ತೆಗೆಯುತ್ತಾರೆ. "ನೀ ದಣದೀ, ಸ್ವಲ್ಪ ನಿಂದ್ರು" ಎನ್ನುತ್ತಾರೆ. ನಿಲ್ಲುತ್ತೇನೆ. ಊರಲ್ಲಿ ಅವರಿಗೆ ಇಷ್ಟು ಮಾತು ಇರಲಿಲ್ಲ.

ಒಂದು ರೊಟ್ಟಿ, ಬೇಳೆ, ಸೊಪ್ಪು. ಹಸಿವು ಆಗುತ್ತದೆ, ಹೋಗುತ್ತದೆ.

೨೪ ನವೆಂಬರ್, ಬುಧವಾರ

ಎರಡನೆಯ ಸಲ ನಡೆಸಿದರು. ಐದು ಬೀಜ. ಆ ತುದಿಯ ಬೆಂಚಿನ ಮೇಲೆ ಮಂದ್ರೂಪದ ಒಬ್ಬರು ಕೂತಿದ್ದರು. ಈ ಸಲದ ಬಿಳಿಜೋಳ ಹೇಗೆ ಎಂದು ನಮ್ಮವರು ವಿಚಾರಿಸುತ್ತಾ ನಿಂತರು. ಜೋಳದ ಮಾತು ಬೇಗ ಮುಗಿಯುತ್ತದೆಯೇ.

ಡಾಕ್ಟರಬಾಯಿಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ನಾಡಿ ಹಿಡಿದು ಗಡಿಯಾರ ನೋಡಿ, ದ್ರೌಪದಿಗೆ ತಮ್ಮ ಭಾಷೆಯಲ್ಲಿ ಹೇಳಿದರು. ನಾಡಿ ಓಡಿಲ್ಲ, ಕಾಲೂ ಓಡಿಲ್ಲ, ಇದು ಎಂಥ ಎದೆ ಎಂದು. ನಾನು ಅರ್ಥವಾಗದವಳಂತೆ ಕೂತಿದ್ದೆ.

ಹೊರಗೆ ಬಂದು ಅವರು ಮೆಟ್ಟಿಲ ಮೇಲೆ ಕೂತರು. "ನಿನ್ನ ಎದಿ ಸೂಕ್ಷ್ಮ ಅದ ಅನಸ್ತದ" ಎಂದರು. ಹೂಂ ಎಂದೆ.

೨ ಡಿಸೆಂಬರ್, ಗುರುವಾರ

ಬೆಳಿಗ್ಗೆ ಹೊಟ್ಟೆಯ ಬಲಗಡೆ ಹಿಂಡಿದಂತಾಯಿತು. ಗೋಡೆ ಹಿಡಿದು ಕೂತೆ. ತಿರುಚಿಕೊಂಡಿತೇನೋ ಎಂದುಕೊಂಡೆ. ತಿರುಚಿಕೊಳ್ಳಲಿ ಎಂದೂ ಅಂದುಕೊಂಡೆ. ಹೆದರಿಕೆ ಬರಲಿ ಎಂದು ಕಾದೆ, ಬರಲಿಲ್ಲ.

ಹಣಮವ್ವ ಮಿಲ್ಲಿಗೆ ಹೊರಟವಳು ಒಳಗೆ ಬಂದು, ಬೆನ್ನಿಗೆ ಕೈ ಕೊಟ್ಟು ಕೂತಳು. ಏನೂ ಕೇಳಲಿಲ್ಲ. ಭೋಂಗಾ ಕೂಗಿದರೂ ಏಳಲಿಲ್ಲ. ನೋವು ತಾನಾಗಿ ಇಳಿಯಿತು. "ಖಾಡೆ ಬಿತ್ತಲ್ಲ ಹಣಮವ್ವ, ಇವತ್ತಿನ ಪಗಾರ ಹ್ವಾತು" ಎಂದೆ. "ಮಿಲ್ಲ ಓಡಿ ಹೋಗಂಗಿಲ್ಲ ಬಿಡ್ರಿ ಅಕ್ಕಾರ" ಎಂದಳು.

ನಾಳೆ ಏನು ಬರೆಯುವುದು ತಿಳಿಯದು.

೮ ಡಿಸೆಂಬರ್, ಬುಧವಾರ

ಮೂರನೆಯ ಸಲ. ಮತ್ತೆ ಐದು. ಆ ಕಂಬದ ಹತ್ತಿರ ಯಾಕೆ ಅಷ್ಟು ಹೊತ್ತು ನಿಂತರೋ. ನಿಂತು ನಿಂತು ನನ್ನ ಕಾಲು ಜೋಮು ಹಿಡಿಯಿತು.

ಡಾಕ್ಟರಬಾಯಿ ಇವತ್ತು ನೇರವಾಗಿ ಹೇಳಿದರು. ಇನ್ನೊಂದು ಸಲ ನೋಡುತ್ತೇನೆ, ತಿಂಗಳ ಕೊನೆಗೆ. ಆಗಲೂ ಹೀಗೇ ಆದರೆ ಈಥರ್ ಕೊಡುವುದಿಲ್ಲ. ಮೇಜಿನ ಮೇಲೆ ಸಾಯಿಸುವುದಕ್ಕಿಂತ ಊರಿಗೆ ಕಳಿಸುವುದು ಮೇಲು. ಊರಿಗೆ ಹೋದರೆ ಎಷ್ಟು ದಿನ ಎಂದು ಅವರು ಕೇಳಿದರು. ಡಾಕ್ಟರಬಾಯಿ ಮುಂದಿನವರ ಚೀಟಿ ಕೈಗೆತ್ತಿಕೊಂಡರು.

ದಾರಿಯಲ್ಲಿ ಅವರು "ಹೋಗಿಬಿಡೂಣ. ಎಳ್ಳಮಾಸಿ ಬಂತು. ಶಿವ ಇಟ್ಟಾಂಗ ಇರೂದು" ಎಂದರು. ದನಿ ಒಂಥರಾ ಇತ್ತು. ನಡೆದೆವು. ಬೇವಿನ ಮರ ಬಂತು, ನಿಂತೆವು.

೨೩ ಡಿಸೆಂಬರ್, ಗುರುವಾರ

ಅವರು ಹನ್ನೂರಿಗೆ ಹೋದರು. ಎಳ್ಳಮಾವಾಸ್ಯೆಯ ದಿನ ಯಜಮಾನ ಹೊಲದಲ್ಲಿ ಭೂತಾಯಿಗೆ ಚರಗ ಚೆಲ್ಲದಿದ್ದರೆ ಆಗುತ್ತದೆಯೇ. ಬುಧವಾರದ ಹೊತ್ತಿಗೆ ಬಂದು ಆಸ್ಪತ್ರೆಗೆ ಕೊನೆಯ ಸಲ ಕರೆದೊಯ್ಯುತ್ತಾರೆ. ಆಮೇಲೆ ಗಂಟು ಕಟ್ಟುವುದು.

ಟಾಂಗಾದ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಹಾಗೇ ಸ್ವಲ್ಪ ಹೊತ್ತು ನಿಂತಿದ್ದರು. ಏನೋ ಮರೆತರೇನೋ ಎಂದು ನಾನು ಒಳಗೆ ನೋಡಿದೆ. ಏನೂ ಮರೆತಿರಲಿಲ್ಲ.

ಬೆಳಗಿನ ತಿರುಗಾಟಕ್ಕೆ ಹಣಮವ್ವನನ್ನು ಗೊತ್ತು ಮಾಡಿದ್ದಾರೆ.

೨೫ ಡಿಸೆಂಬರ್, ಶನಿವಾರ. ಎಳ್ಳಮಾವಾಸ್ಯೆ

ಹಣಮವ್ವನ ಜೊತೆ ನಡೆಯುವುದು ನಡೆಯುವುದಲ್ಲ, ಓಡುವುದು. ಅವಳಿಗೆ ಕುರಿ ಹಿಂದೆ ಬೆಳೆದ ಕಾಲು. ಬೇವಿನ ಮರ ಬಂತು, ನಾನು ರೂಢಿಯ ಮೇಲೆ ನಿಂತೆ. ಅವಳು ಹತ್ತು ಮಾರು ಹೋಗಿ ಹಿಂತಿರುಗಿ ನೋಡಿದಳು.

"ಯಾಕ ನಿಂತ್ರಿ? ದಮ್ಮ ಹತ್ತೇತಿ?"

"ಇಲ್ಲ."

"ಮತ್ತ?"

ಯಾಕೆ ನಿಂತೆ ಎಂದು ನನಗೂ ತಿಳಿಯಲಿಲ್ಲ. ನಡೆದೆ. ಕೆರೆ ದಾಟಿ, ಮಿಲ್ಲಿನ ದೊಡ್ಡ ಬಾಗಿಲ ತನಕ ಹೋದೆವು. ಅಲ್ಲಿ ದಮ್ಮು ಹತ್ತಿತು. ಕಿವಿಯಲ್ಲಿ ನನ್ನ ಎದೆಯೇ ಬಡಿದುಕೊಂಡಿತು, ಬಾಯಿ ಒಣಗಿತು, ಬೆನ್ನೆಲ್ಲ ಬೆವರು. ದಮ್ಮು ಹತ್ತುವುದು ಎಂದರೆ ಇದು. ಇಷ್ಟು ದಿನ ನೀನು ದಣಿದಿದ್ದೀ ಎನ್ನಿಸಿಕೊಂಡದ್ದು ಬೇರೆ, ಇದು ಬೇರೆ. ಹಣಮವ್ವ ನನ್ನ ಮುಖ ನೋಡಿ ನಕ್ಕಳು. ಅಷ್ಟರಲ್ಲಿ ಉಸಿರು ತಾನೇ ತನ್ನ ಜಾಗಕ್ಕೆ ಬಂತು.

ಅವಳಿಗೆ ಇವತ್ತು ಮಿಲ್ಲಿಲ್ಲ. ಸಜ್ಜೆ ರೊಟ್ಟಿ, ಕಾಳಿನ ಭಜ್ಜಿ, ಹಿಂಡಿ ಪಲ್ಲೆ ಮಾಡಿದ್ದಳು. ಹಸಿವಾಗಿತ್ತು. ಉಂಡೆ. ಎಳ್ಳು ಹಚ್ಚಿದ ರೊಟ್ಟಿ ಮುರಿಯುವಾಗ ನಮ್ಮ ಹೊಲದ ಬನ್ನಿ ಗಿಡ ನೆನಪಾಯಿತು.

೨೭ ಡಿಸೆಂಬರ್, ಸೋಮವಾರ

ಮಿಲ್ಲಿನ ಬಾಗಿಲಿಗೆ ಹೋಗಿ ಬಂದೆವು. ಸೆರಗು ತಲೆಯ ಮೇಲೆ ನಿಲ್ಲಲಿಲ್ಲ, ಹಿಡಿದುಕೊಳ್ಳಲು ಕೈ ಬಿಡುವಿರಲಿಲ್ಲ. ಹಣಮವ್ವನ ಪಕ್ಕಕ್ಕೇ ನಡೆದೆ. ಸೊಲ್ಲಾಪುರದಲ್ಲಿ ಇಷ್ಟು ಬಣ್ಣದ ಚಾದರು ಒಣಹಾಕುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ. ಬಂದು ಒಂದೂವರೆ ತಿಂಗಳಾಯಿತು, ಅದೇ ದಾರಿ. ಅವು ಎಲ್ಲಿದ್ದವೋ.

"ಗಡ್ಡಿ ತಗದ ಮ್ಯಾಲ ಏನ್ ಮಾಡ್ತೀ ಅಕ್ಕಾ?" ಎಂದು ಕೇಳಿದಳು.

ತೆಗೆಯುವುದಿಲ್ಲ, ಊರಿಗೆ ಹೋಗುತ್ತೇವೆ ಎಂದೆ. ಹೇಳಿ ಸೆರಗಿನಿಂದ ಮೂಗು ಒರೆಸಿಕೊಂಡೆ. ಬೆಳಗಿನ ತಣ್ಣೀರು ಇರಬೇಕು.

೨೯ ಡಿಸೆಂಬರ್, ಬುಧವಾರ

ಇವತ್ತಿನದು ಬಹಳ ಇದೆ, ಎಷ್ಟು ಆಗುತ್ತದೋ ಅಷ್ಟು ಬರೆಯುತ್ತೇನೆ.

ಅವರು ನಿನ್ನೆ ಬಂದರು. ಮುಖ ಕಂದಿತ್ತು. ಮೋಟಾರಿನ ಧೂಳು ಎಂದರು. ಇವತ್ತು ಆಸ್ಪತ್ರೆಯಲ್ಲಿ ಎಂದಿನಂತೆ ಅವರು ಮುಂದೆ ನಿಂತರು, ನಾನು ಹಿಂದೆ. ಎರಡನೆಯ ಸುತ್ತಿಗೇ ಆ ಕಂಬಕ್ಕೆ ಒರಗಿ ರುಮಾಲಿಗೆ ಕೈ ಹಾಕಿದರು. ನಾನು ಅವರ ಹಿಮ್ಮಡಿ ನೋಡುತ್ತಾ ನಿಂತಿದ್ದೆ. ಹಿಮ್ಮಡಿ ನಡುಗುತ್ತಿತ್ತು. ನಾಲ್ಕು ಬೀಜ ಬಿದ್ದವು, ಹೊತ್ತು ಮುಗಿಯಿತು.

ಅವರು ನೀರು ಕುಡಿಯಲು ಹೊರಗೆ ಹೋದರು. ಡಾಕ್ಟರಬಾಯಿ ನನ್ನ ನಾಡಿ ಬಿಟ್ಟು ಪೆನ್ಸಿಲ್ ಹಿಡಿದರು. ಊರಿಗೆ ಕಳಿಸುವ ಮಾತು ಬರೆಯುತ್ತಾರೆ ಎಂದು ತಿಳಿಯಿತು. ಬರೆಯುವ ಮೊದಲು, ಯಾಕೋ, ನನ್ನನ್ನೇ ಕೇಳಿದರು. ಕಾಲು ನೋಯುತ್ತದೆಯೇ? ಇಲ್ಲ. ಎದೆ ಹಿಡಿಯುತ್ತದೆಯೇ? ಇಲ್ಲ. ದಮ್ ಲಾಗಲಾ ಕಾ? ಇಲ್ಲ.

"ಮತ್ತೆ ಆ ಕಂಬದ ಬಳಿ ಯಾಕೆ ನಿಂತೆ ಬಾಯಿ?"

ಇದೆಂಥ ಪ್ರಶ್ನೆ ಎನ್ನಿಸಿತು. "ಅವರು ನಿಂತರಲ್ಲ" ಎಂದೆ. ಮರಾಠಿಯಲ್ಲಿಯೇ ಹೇಳಿದೆ. "ಮುಂದಿದ್ದವರು ನಿಂತರೆ ಹಿಂದಿದ್ದವಳು ದಾಟಿ ಹೇಗೆ ಹೋಗಬೇಕು?"

ಡಾಕ್ಟರಬಾಯಿ ಪೆನ್ಸಿಲ್ ಕೆಳಗಿಟ್ಟರು. ದ್ರೌಪದಿ ಬಾಯಿಗೆ ಸೆರಗು ಇಟ್ಟುಕೊಂಡಳು. ಡಾಕ್ಟರಬಾಯಿಗೆ ಮೊದಲು ನಗು ಬಂತು, ಆಮೇಲೆ ಬರಲಿಲ್ಲ. "ನನಗೆ ತಿಳಿಯಬೇಕಿತ್ತು. ನಮ್ಮ ಆಯಿಯೂ ಹೀಗೇ ನಡೆಯುತ್ತಿದ್ದಳು" ಎಂದರು. ಆಮೇಲೆ ಎದ್ದು ಬಾಗಿಲಿಗೆ ಹೋಗಿ, ನೀರು ಕುಡಿದು ಮೆಟ್ಟಿಲ ಮೇಲೆ ಕೂತಿದ್ದ ಅವರನ್ನು ನೋಡಿದರು. ಬಹಳ ಹೊತ್ತು ನೋಡಿದರು.

"ಪಾಟೀಲ್, ಒಳಗೆ ಬನ್ನಿ. ಕೈ ಕೊಡಿ."

"ನನ್ನ ಕೈ ಯಾಕ್ರಿ? ಬ್ಯಾನಿ ಆಕೀದು."

"ಕೊಡಿ."

ನಾಡಿ ಹಿಡಿದರು, ಎದೆಗೆ ನಳಿಗೆ ಇಟ್ಟರು, ಕಾಲು ಒತ್ತಿ ನೋಡಿದರು. ಒತ್ತಿದ ಜಾಗ ಕುಣಿಯಾಗಿ ಹಾಗೇ ಉಳಿಯಿತು. ಇಷ್ಟು ದಿನ ನನ್ನ ಎದೆ ಎಂದು ಬರೆದಿಟ್ಟದ್ದೆಲ್ಲ ಇವರ ಎದೆ ಎಂದರು ಡಾಕ್ಟರಬಾಯಿ. ದುರ್ಬಲ ಇದೆ. ನಡೆಯಬಾರದು, ಉಪ್ಪು ತಿನ್ನಬಾರದು, ಔಷಧ ಇಂದಿನಿಂದಲೇ. ಮುಂದಿನ ಬುಧವಾರ ಬಾಯಿ ಒಬ್ಬರೇ ನಡೆಯುತ್ತಾರೆ.

ಅವರು ತೆಳ್ಳಗೆ, ಎತ್ತರ. ಊರಲ್ಲಿ ಯಾರನ್ನು ಕೇಳಿದರೂ ಗಟ್ಟಿ ಆಳು ಎನ್ನುತ್ತಾರೆ.

೩೦ ಡಿಸೆಂಬರ್, ಗುರುವಾರ

ಕೇಳಿದೆ. ಇಪ್ಪತ್ತು ವರ್ಷದಲ್ಲಿ ಹೀಗೆ ಎದುರು ನಿಂತು ಕೇಳಿದ್ದು ಇದೇ ಮೊದಲು.

"ಯಾವಾಗಿಂದ ಹೀಂಗ ಆಗಾಕತ್ತೇದ್ರಿ?"

"ಹ್ವಾದ ವರ್ಷದಿಂದ."

"ಯಾಕ ಹೇಳಲಿಲ್ಲ?"

"ಕುಬಸದ ಗದ್ದಲದಾಗ ಏನ್ ಹೇಳ್ಲಿ? ಹಡೆಯಾಕಿ ಮುಂದ ಸಾಯೂ ಮಾತ ಆಡ್ತಾರೇನು?"

"ಕುಬಸ ಆಗಿ ಹ್ವಾತು. ಆಮ್ಯಾಲ?"

ರುಮಾಲು ತೆಗೆದು ಮೊಣಕಾಲ ಮೇಲಿಟ್ಟರು. ಆಮೇಲೆ, "ತೇಕೂ ಸದ್ದ ಕೇಳತಿತ್ತು. ನಿಂದು ಅಂತ ತಿಳಿದಿದ್ದೆ" ಎಂದರು. ಅದು ಪೂರಾ ಖರೆಯಲ್ಲ. ಪೂರಾ ಸುಳ್ಳೂ ಅಲ್ಲ.

ನನಗೆ ಸಿಟ್ಟು ಬಂತು. ಬಹಳ ಸಿಟ್ಟು. ನನ್ನನ್ನು ಸಾಯಲು ಊರಿಗೆ ಕರೆದೊಯ್ಯುತ್ತಿದ್ದರು, ಅದೂ ತಮ್ಮ ದಮ್ಮಿನ ಲೆಕ್ಕದ ಮೇಲೆ. ಬಸಿರು ಎಂದರು, ಹೂಂ ಎಂದೆ. ದಣಿದಳು ಎಂದರು, ಹೂಂ ಎಂದೆ. ಒಳಗಿದ್ದವಳು ನಾನು, ನನ್ನನ್ನು ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಅವರು ಗೋಡೆಗೆ ಒರಗಿ ಕೂತಿದ್ದರು. ಉಪ್ಪಿಲ್ಲದ ಬೇಳೆ ಬಡಿಸಿದೆ, ಮುಖ ಕಿವುಚಿ ಉಂಡರು. ಅಷ್ಟು ಕೆಟ್ಟ ಎದೆ ಹೊತ್ತುಕೊಂಡು ದಿನಾ ಕೆರೆಯ ತನಕ ನಡೆದದ್ದು ಯಾರಿಗಾಗಿ, ಅದೂ ಗೊತ್ತು. ಗೊತ್ತಿದ್ದರೂ ಸಿಟ್ಟು ಹೋಗಲಿಲ್ಲ.

೫ ಜನವರಿ ೧೯೫೫, ಬುಧವಾರ

ಅವರನ್ನು ಬೆಂಚಿನ ಮೇಲೆ ಕೂಡಿಸಿದರು. ವರಾಂಡದಲ್ಲಿ ನಾನೊಬ್ಬಳೇ. ಕಂಬದ ಬಳಿ ನಿಂತಾಗ ಮುಂದೆ ಯಾವ ಹಿಮ್ಮಡಿಯೂ ಇರಲಿಲ್ಲ, ಎಲ್ಲಿ ನೋಡಬೇಕು ತಿಳಿಯಲಿಲ್ಲ. ದ್ರೌಪದಿ "ನಡೀರಿ ಅಕ್ಕಾರ" ಎಂದಳು. ಕಾಲು ಏಳಲಿಲ್ಲ. ಹಣಮವ್ವ ಬಾಗಿಲಲ್ಲಿ ನಿಂತಿದ್ದವಳು ನಾಲಿಗೆ ಚಪ್ಪರಿಸಿ, ಕುರಿ ಹೊಡೆಯುವಂತೆ ಟ್ರೂ ಎಂದಳು. ನಗು ಬಂತು, ಕಾಲು ಎದ್ದಿತು.

ಪ್ರತಿ ಸುತ್ತಿಗೂ ಅವರ ಮುಂದೆ ಹಾಯಬೇಕು. ಮೊದಲ ಸಲ ಸೆರಗು ಎಳೆದುಕೊಂಡೆ. ಎರಡನೆಯ ಸಲವೂ. ಆಮೇಲೆ ಮರೆತೆ. ಆರನೆಯ ಬೀಜದ ಸದ್ದು ಕೇಳಿದಾಗ ಬೆವರು ಹರಿಯುತ್ತಿತ್ತು. ಬೆಂಚಿನ ಮೇಲೆ ಅವರು ಕೈ ಬಿಗಿ ಹಿಡಿದು, ತಾವೇ ನಡೆಯುತ್ತಿರುವವರಂತೆ ಮುಂದಕ್ಕೆ ಬಾಗಿದ್ದರು. ಕೊನೆಯ ಸುತ್ತುಗಳಲ್ಲಿ ಎದೆ ಹಾರುತ್ತಿತ್ತು. ಆದರೆ ಅದು ನನ್ನ ಎದೆ ಎಂದು ನನಗೆ ಗೊತ್ತಿತ್ತು.

"ದಮ್ ಲಾಗಲಾ ಕಾ?" ಎಂದರು ಡಾಕ್ಟರಬಾಯಿ.

ಅವರು ಬೆಂಚಿನಿಂದ "ಆಕಿ ದಣದಾ..." ಎಂದು ಬಾಯಿ ತೆರೆದವರು ಅಲ್ಲಿಗೇ ನಿಲ್ಲಿಸಿದರು.

"ಹೌದು, ಹತ್ತೇದ" ಎಂದೆ. "ಇನ್ನೂ ಎರಡ ಸುತ್ತ ಬೇಕಂದ್ರ ಹಾಕ್ತೀನಿ."

ಬೇಡ ಎಂದು ದ್ರೌಪದಿ ಬಟ್ಟಲು ತೋರಿಸಿದಳು. ಹದಿಮೂರು ಬಿದ್ದಿದ್ದವು. ನಾಡಿ ಓಡಿ, ಸ್ವಲ್ಪ ಹೊತ್ತಿನಲ್ಲೇ ತಣ್ಣಗಾಯಿತು ಎಂದು ಡಾಕ್ಟರಬಾಯಿ ತಲೆಯಾಡಿಸಿದರು. ಸಂಕ್ರಾಂತಿ ಮುಗಿದ ಮೇಲೆ ಆಪರೇಶನ್.

೧೭ ಜನವರಿ, ಸೋಮವಾರ. ಆಸ್ಪತ್ರೆ

ನಾಳೆ ಬೆಳಿಗ್ಗೆ. ಬಳೆ ತೆಗೆಯಬೇಕು ಎಂದರು. ಒಡೆಯಲು ನಾನು ಒಪ್ಪಲಿಲ್ಲ, ಅವರ ಮೈ ಹಾಗಿರುವಾಗ. ಹಣಮವ್ವ ಸಾಬೂನು ಹಚ್ಚಿದಳು. ಒಂದೊಂದಾಗಿ ಜಾರಿ ಬಂದವು. ಇಷ್ಟು ಸಲೀಸಾಗಿ ಬರುತ್ತವೆ ಎಂದು ಗೊತ್ತಿದ್ದರೆ ಮೊದಲೇ ತೆಗೆಯುತ್ತಿದ್ದೆ. ಸೊಲ್ಲಾಪುರದ ಸಾಬೂನು ಒಳ್ಳೆಯದು.

ಬರಿಗೈ ಇರಬಾರದು ಎಂದು ಅರಿಷಿಣ ಕೊಂಬಿನ ದಾರ ಕಟ್ಟಿದಳು.

ಹೆದರಿಕೆ ಆಗುತ್ತಿದೆ.

೨೬ ಜನವರಿ, ಬುಧವಾರ

ಇವತ್ತು ಕೂಡಲು ಬಂತು. ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ.

ಗಡ್ಡೆಯನ್ನು ಬರಣಿಯಲ್ಲಿ ಇಟ್ಟಿದ್ದಾರಂತೆ. ನೋಡುತ್ತೀರಾ ಎಂದು ದ್ರೌಪದಿ ಕೇಳಿದಳು, ಬಹಳ ಮಂದಿ ಬೇಡ ಎನ್ನುತ್ತಾರಂತೆ. ತೋರಿಸು ಎಂದೆ. ನೋಡಿದೆ. ಅದಕ್ಕೆ ಮುಖ ಇರಲಿಲ್ಲ. ಹೆಸರು ಹುಡುಕಿ ಇಟ್ಟಿದ್ದೆ, ಗಂಡಾದರೆ ಒಂದು, ಹೆಣ್ಣಾದರೆ ಒಂದು. ಯಾರಿಗೂ ಹೇಳಿರಲಿಲ್ಲ.

ಅಳು ಬಂತು. ಹೊಲಿಗೆ ಎಳೆಯಿತು, ಆದರೂ ಅತ್ತೆ. ದ್ರೌಪದಿ ಬರಣಿ ಒಯ್ದಳು, ಮತ್ತೆ ಬಂದು ಪಕ್ಕದಲ್ಲಿ ಕೂತಳು. ಸಂಜೆ ಗಂಜಿ ತಂದರು. ಉಪ್ಪು ಕಡಿಮೆ ಇತ್ತು, ಕೇಳಿ ಹಾಕಿಸಿಕೊಂಡೆ.

೫ ಫೆಬ್ರವರಿ, ಶನಿವಾರ

ಬಿಟ್ಟರು. ನಾಳೆ ಅಕ್ಕಲಕೋಟೆಯ ಮೋಟಾರು.

ಅವರು ಕರೆಯಲು ಬಂದಿದ್ದರು. ಔಷಧದಿಂದ ಕಾಲಿನ ಬಾವು ಇಳಿದಿದೆ, ಮುಖ ಮಾತ್ರ ಸೊರಗಿ ಇಷ್ಟಾಗಿದೆ. ನಿಧಾನ ನಡೆದರೆ ಬಹಳ ದಿನ ನಡೆಯುತ್ತಾರೆ ಎಂದು ಡಾಕ್ಟರಬಾಯಿ ನನಗೆ ಹೇಳಿದರು, ಅವರಿಗಲ್ಲ. ಹಣಮವ್ವ ಗಂಟು ಎತ್ತಿಕೊಂಡು ಟಾಂಗಾ ಹಿಡಿಯಲು ಮೊದಲೇ ಹೋದಳು. ನಾವಿಬ್ಬರೇ ಆ ವರಾಂಡ ದಾಟಿ ಬಾಗಿಲಿಗೆ ಹೋಗಬೇಕಿತ್ತು.

ಅವರು ರೂಢಿಯಂತೆ ನನ್ನ ಮುಂದೆ ನಿಂತರು. ಒಂದು ಹೆಜ್ಜೆ ಇಟ್ಟರು. ಆಮೇಲೆ ಪಕ್ಕಕ್ಕೆ ಸರಿದು, ನೆಲ ನೋಡುತ್ತಾ, "ನೀ ಮುಂದ ನಡಿ" ಎಂದರು.

ನಡೆದೆ. ಮಂದಿ ನೋಡುತ್ತಿದ್ದರೋ ಇಲ್ಲವೋ, ನಾನು ನೋಡಲಿಲ್ಲ. ಅರ್ಧ ವರಾಂಡಕ್ಕೆ ಹಿಂದಿನಿಂದ ಅವರ ತೇಕು ಕೇಳಿಸಿತು. ಅವರು ನಿಲ್ಲುವುದಿಲ್ಲ ಎಂದು ನನಗೆ ಗೊತ್ತು. ಮುಂದೆ ಇದ್ದರೆ ರುಮಾಲು ಬಿಚ್ಚಿ ನಿಲ್ಲುತ್ತಿದ್ದರು. ಹಿಂದೆ ಇರುವವರಿಗೆ ನಿಲ್ಲಲು ಏನು ನೆಪ?

ಆ ಕಂಬ ಬಂತು. ಕಂಬಕ್ಕೆ ಕೈ ಕೊಟ್ಟು ನಿಂತೆ.

"ಸ್ವಲ್ಪ ನಿಂದರೂಣ್ರಿ" ಎಂದೆ. "ನಾ ದಣದೀನಿ."

ಅವರೂ ನಿಂತರು. ಅವರ ಉಸಿರು ಸರಿಹೋಗುವ ತನಕ ಸೆರಗು ಬಿಚ್ಚಿ ಹೊದ್ದುಕೊಂಡೆ, ಮತ್ತೆ ಬಿಚ್ಚಿ ಹೊದ್ದುಕೊಂಡೆ. ನನಗೆ ದಣಿವಾಗಿರಲಿಲ್ಲ.